ದೇಶಾಟನೆಯೋ, ಪಾನಾಟನೆಯೋ?

ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು ಎಂಬುದು ನಮ್ಮ ನಾಡಿನ ಹಳೆಯ ನುಡಿ. ಮನೆಯ ಹೊಸ್ತಿಲನ್ನು ದಾಟದವನಿಗೆ ತನ್ನ ಊರಿನ ಬೇಲಿಯೇ ಜಗತ್ತಿನ ಅಂಚಾಗಿ ತೋರುತ್ತದೆ. ನಾಲ್ಕು ಊರುಗಳ ನೀರು ಕುಡಿದು, ನಾಲ್ಕು ಮನೆಗಳ ಅನ್ನ ಉಂಡವನಿಗೆ ಮಾತ್ರ ಮನುಷ್ಯಕುಲದ ವೈವಿಧ್ಯವೂ ಆ ವೈವಿಧ್ಯದೊಳಗೆ ಹರಿಯುವ ಏಕತೆಯೂ ಗೋಚರವಾಗುತ್ತವೆ. ಆದುದರಿಂದಲೇ ನಮ್ಮ ಹಿರಿಯರು ಸಂಚಾರವನ್ನು ವಿದ್ಯೆಯ ಒಂದು ಅಂಗವೆಂದು ಭಾವಿಸಿದರು. ಇಂತಹ ಸಂಚಾರದ ಹೆಸರಿನಲ್ಲಿ ಇಂದು ಹೊಸದೊಂದು ಷೋಕಿಯು ತಲೆಯೆತ್ತಿದೆ. ಅದರ ಗುಣದೋಷಗಳನ್ನು ವಾಚಕರ ಮುಂದಿಟ್ಟು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ನಾಲ್ಕಾರು ಮಂದಿ ವಿದ್ಯಾವಂತ ತರುಣರು, ಕೈತುಂಬ ಸಂಬಳ ಪಡೆಯುವವರು, ಶನಿವಾರ ಭಾನುವಾರಗಳಿಗೆ ಇನ್ನೊಂದು ರಜೆಯ ದಿನ ಕೂಡಿಕೊಂಡರೆ ಕಾರಿನ ಪ್ರವಾಸಕ್ಕೆ ಸಿದ್ಧರಾಗುತ್ತಾರೆ. ಮೊಬೈಲಿನ ನಕಾಶೆಯನ್ನು ಬಿಡಿಸಿಟ್ಟು ದಾರಿಯನ್ನು ಗುರುತು ಮಾಡುತ್ತಾರೆ. ಹಿಂದಿನವರು ದಾರಿಯನ್ನು ಗುರುತಿಸುತ್ತಿದ್ದುದು ಕೆರೆ, ಬಾವಿ, ಗುಡಿ, ಮಠ, ಛತ್ರಗಳಿಂದ. ಈ ತರುಣರು ಗುರುತಿಸುವುದು ‘ಮೈಕ್ರೋಬ್ರೂವರಿ’ ಎಂಬ ಬಿಯರ್ ಗೃಹಗಳಿಂದ. ಮೊದಲನೆಯ ತಂಗುದಾಣದಲ್ಲಿ ಇಂತಹ ಬಿಯರ್, ಎರಡನೆಯದರಲ್ಲಿ ಅಂತಹ ಬಿಯರ್, ಸಂಜೆಗೆ ಮತ್ತೊಂದು. ಈ ಸರಣಿಯ ನಡುನಡುವೆ ಅಲ್ಲಲ್ಲಿಯ ವಿಶೇಷವಾದ ತಿಂಡಿ ತೀರ್ಥ. ಇದಕ್ಕೆ ಅವರು ಕೊಡುವ ಹೆಸರು ‘ಸ್ಥಳೀಯ ಸಂಸ್ಕೃತಿಯ ಅನುಭವ’. ಕುಡಿತವೆಂದು ಯಾರೂ ಅನ್ನುವುದಿಲ್ಲ, ‘ರುಚಿ ನೋಡುವುದು’ ಎನ್ನುತ್ತಾರೆ. ಹೆಸರು ಬದಲಾದೊಡನೆ ವಸ್ತುವಿನ ಗುಣವೂ ಬದಲಾಗುವುದಾದರೆ ಈ ಲೋಕದಲ್ಲಿ ವಿಷವೆಂಬುದೇ ಉಳಿಯುತ್ತಿರಲಿಲ್ಲ!

ಈ ಪದ್ಧತಿಯ ಮೂಲವನ್ನು ಮೊದಲು ತಿಳಿಯುವುದು ನ್ಯಾಯ. ಅಮೆರಿಕೆಯಲ್ಲಿ ದೈತ್ಯ ಕಂಪನಿಗಳ ಒಂದೇ ರುಚಿಯ ಬಿಯರಿಗೆ ಬೇಸತ್ತ ಕೆಲವರು ಸ್ವಂತ ಕೈಯಿಂದ, ಸಣ್ಣ ಪ್ರಮಾಣದಲ್ಲಿ ಬಿಯರ್ ತಯಾರಿಸಲು ತೊಡಗಿದರು. 1976ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮದಲ್ಲಿ ‘ನ್ಯೂ ಆಲ್ಬಿಯನ್’ ಎಂಬ ಪುಟ್ಟ ತಯಾರಿಕಾ ಗೃಹವು ಹುಟ್ಟಿತು. ಕೆಲವೇ ವರ್ಷಗಳಲ್ಲಿ ಮುಚ್ಚಿಯೂ ಹೋಯಿತು. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರು ಸಹಿ ಮಾಡಿದ ಕಾನೂನಿನಿಂದ ಮನೆಯಲ್ಲಿ ತಮ್ಮ ಬಳಕೆಗೆ ಬಿಯರ್ ತಯಾರಿಸಿಕೊಳ್ಳಲು ಅಲ್ಲಿಯ ಜನರಿಗೆ ಅನುಮತಿ ದೊರೆಯಿತು. ಆಗ ಇಡೀ ದೇಶದಲ್ಲಿ ನೂರರೊಳಗೆ ಇಳಿದಿದ್ದ ಬಿಯರ್ ತಯಾರಿಕಾ ಗೃಹಗಳ ಸಂಖ್ಯೆ ಇಂದು 9,000ವನ್ನು ಮೀರಿದೆ. ಇವುಗಳನ್ನು ಒಂದಾದ ಮೇಲೊಂದರಂತೆ ಕಾರಿನಲ್ಲಿ ಸುತ್ತಿಬರುವುದು ಅಲ್ಲಿ ಒಂದು ವಿಹಾರವಾಯಿತು. ಅಲ್ಲಿಗೆ ಓದಲು, ದುಡಿಯಲು ಹೋದ ನಮ್ಮವರು ಆ ವಿಹಾರವನ್ನು ಕಂಡರು, ಕಲಿತರು, ಮರಳಿ ಬರುವಾಗ ಹೊತ್ತು ತಂದರು.

ಬೆಂಗಳೂರಿಗೆ ಬಿಯರ್ ಹೊಸದಲ್ಲ. ಬ್ರಿಟಿಷರ ದಂಡಿನ ಊರಾಗಿದ್ದ ಈ ನಗರದಲ್ಲಿ ಸಿಪಾಯಿಗಳ ಬಾಯಾರಿಕೆಯನ್ನು ನೆಚ್ಚಿಕೊಂಡು ಬೆಳೆದ ವ್ಯಾಪಾರವದು. ದಕ್ಷಿಣ ಭಾರತದ ಕೆಲವು ಬಿಯರ್ ಕಾರ್ಖಾನೆಗಳು ಒಂದುಗೂಡಿ 1915ರಲ್ಲಿ ಯುನೈಟೆಡ್ ಬ್ರೂವರೀಸ್ ಸ್ಥಾಪಿತವಾದುದು ಈ ಹಿನ್ನೆಲೆಯಲ್ಲಿಯೇ. ಅಲ್ಲಿಯೇ ಕುದಿಸಿ, ಅಲ್ಲಿಯೇ ಹುದುಗೆಬ್ಬಿಸಿ, ಅಲ್ಲಿಯೇ ಬಡಿಸುವ ಸಣ್ಣ ಬಿಯರ್ ಗೃಹಗಳು ಮಾತ್ರ ಈಚಿನವು. 2011ರ ಹೊತ್ತಿಗೆ ನಗರದಲ್ಲಿ ಮೊದಲ ಒಂದೆರಡು ಕಾಣಿಸಿಕೊಂಡು, ಮುಂದಿನ ವರ್ಷಗಳಲ್ಲಿ ಹತ್ತಾರಾಗಿ ಹೆಚ್ಚಿದವು. ಗಾಜಿನ ಗೋಡೆಯ ಹಿಂದೆ ತಾಮ್ರದ, ಉಕ್ಕಿನ ಕೊಪ್ಪರಿಗೆಗಳನ್ನು ನಿಲ್ಲಿಸಿ, ಅವುಗಳಿಗೆ ದೀಪದ ಅಲಂಕಾರ ಮಾಡಿ ಪ್ರದರ್ಶಿಸುವ ವೈಭವವನ್ನು ಕಂಡರೆ, ಅದು ಪಾನಗೃಹವೋ ದೇವರಮನೆಯೋ ಎಂಬ ಭ್ರಮೆ ಹುಟ್ಟಬೇಕು.

ತರುಣರು ಊರೂರು ತಿರುಗುವುದಕ್ಕೆ ನಮ್ಮ ವಿರೋಧವಿಲ್ಲ. ಅಲ್ಲಲ್ಲಿಯ ಅಡುಗೆಯನ್ನು ಉಂಡು ಸಂತೋಷಪಡುವುದಕ್ಕಂತೂ ನಮ್ಮ ಪೂರ್ಣ ಸಮ್ಮತಿಯಿದೆ. ಅನ್ನವನ್ನು ಅರಸಿ ಹೊರಟ ಪ್ರಯಾಣಕ್ಕೆ ಮದ್ಯವನ್ನು ಮೈಲಿಗಲ್ಲಾಗಿ ನೆಡುವುದನ್ನು ಮಾತ್ರ ನಾವು ಆಕ್ಷೇಪಿಸುತ್ತೇವೆ. ಇವೆರಡೂ ಒಂದೇ ಬಂಡಿಗೆ ಹೂಡತಕ್ಕ ಎತ್ತುಗಳಲ್ಲ. ಒಂದು ಮನುಷ್ಯನನ್ನು ಊರಿನ ಕಡೆಗೆ ಎಳೆಯುತ್ತದೆ, ಇನ್ನೊಂದು ಹಳ್ಳದ ಕಡೆಗೆ. ಇದನ್ನು ಬರಿಯ ಆವೇಶದಿಂದ ಹೇಳದೆ, ಈ ಪ್ರವಾಸದ ಪಕ್ಷಪಾತಿಗಳು ಮುಂದಿಡುವ ವಾದಗಳನ್ನು ಒಂದೊಂದಾಗಿ ಎತ್ತಿಕೊಂಡು ಪರಿಶೀಲಿಸೋಣ.

ಅವರ ಮೊದಲನೆಯ ವಾದ: “ಈ ಬಿಯರ್ ಸ್ಥಳೀಯವಾದುದು, ಮಣ್ಣಿನ ರುಚಿಯುಳ್ಳದ್ದು.” ಕೇಳಲು ಇಂಪಾದ ಮಾತು. ಆದರೆ ಬಿಯರಿನ ಮೂಲವಸ್ತುಗಳು ಯಾವುವು? ನೀರು, ಮೊಳಕೆ ಬರಿಸಿ ಒಣಗಿಸಿದ ಜವೆಗೋಧಿ, ಹಾಪ್ಸ್ ಎಂಬ ಬಳ್ಳಿಯ ಹೂವು, ಮತ್ತು ಹುದುಗು ಬರಿಸುವ ಯೀಸ್ಟ್. ಇವುಗಳಲ್ಲಿ ಜವೆಗೋಧಿಯು ನಮ್ಮ ದೇಶದಲ್ಲಿ ಮುಖ್ಯವಾಗಿ ರಾಜಸ್ಥಾನ, ಉತ್ತರ ಪ್ರದೇಶಗಳ ಬೆಳೆ. ಕನ್ನಡ ನಾಡಿನ ಎರೆಭೂಮಿಯದೂ ಅಲ್ಲ, ಕೆಮ್ಮಣ್ಣಿನದೂ ಅಲ್ಲ. ಈ ಸಣ್ಣ ಗೃಹಗಳಲ್ಲಿ ಬಳಕೆಯಾಗುವ ಮೊಳಕೆಧಾನ್ಯವೋ ಬಹುಮಟ್ಟಿಗೆ ಜರ್ಮನಿ, ಬೆಲ್ಜಿಯಂಗಳಿಂದ ಚೀಲಗಳಲ್ಲಿ ಬರುತ್ತದೆ. ಹಾಪ್ಸ್ ಬಳ್ಳಿಗೆ ಬೇಸಗೆಯ ದೀರ್ಘವಾದ ಹಗಲು, ಚಳಿಗಾಲದ ಕಡುಶೀತ ಎರಡೂ ಬೇಕು. ಭಾರತದಲ್ಲಿ ಅದು ಹಿಮಾಚಲದ ಲಾಹೌಲ್ ಕಣಿವೆಯಂತಹ ಕಡೆ ಅತ್ಯಲ್ಪವಾಗಿ ಬೆಳೆದೀತೇ ಹೊರತು ನಮ್ಮಲ್ಲಿಲ್ಲ. ಯೀಸ್ಟ್ ಕೂಡ ಹಲವೆಡೆ ಪರದೇಶದ ಪೊಟ್ಟಣ. ಹಾಗಾದರೆ ಸ್ಥಳೀಯವಾಗಿ ಉಳಿದುದೇನು? ನೀರು! ಒಂದು ಲೀಟರ್ ಬಿಯರಿಗೆ, ತೊಳೆಯುವ ತಂಪುಮಾಡುವ ಕೆಲಸಗಳೂ ಸೇರಿ, ನಾಲ್ಕಾರು ಲೀಟರ್ ನೀರು ವೆಚ್ಚವಾಗುತ್ತದೆ. ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಮೇಲೆತ್ತಿ ತರುವ ನಗರದ ನೀರದು. 2024ರ ಬೇಸಗೆಯಲ್ಲಿ ಕೊಡಗಳನ್ನು ಹಿಡಿದು ಸಾಲುಗಟ್ಟಿ ನಿಂತ ತಾಯಂದಿರ ನಗರದ ನೀರದು.

“ಮಾವಿನ ಹಣ್ಣು, ರಾಗಿ, ಬೆಲ್ಲ, ಕಾಫಿಗಳನ್ನೂ ನಾವು ಸೇರಿಸುತ್ತೇವಲ್ಲ!” ಎಂದು ಕೆಲವರು ಹೇಳುತ್ತಾರೆ. ಸೇರಿಸುತ್ತಾರೆ, ನಿಜ. ಆದರೆ ಪರದೇಶದ ಧಾನ್ಯದ ಕೊಪ್ಪರಿಗೆಗೆ ನಮ್ಮ ರಾಗಿಯ ಹಿಡಿಯೊಂದನ್ನು ಎರಚಿದ ಮಾತ್ರಕ್ಕೆ ಅದು ರಾಗಿಯ ನಾಡಿನದಾಗುವುದೇ? “ಮೆಣಸಿನಕಾಯಿಯೂ ಅಮೆರಿಕ ಖಂಡದಿಂದ ಪೋರ್ಚುಗೀಸರ ಮೂಲಕ ಬಂದುದಲ್ಲವೇ? ಅದು ಸ್ಥಳೀಯವಾದರೆ ಬಿಯರೇಕಾಗದು?” ಎಂಬ ಚತುರವಾದ ಪ್ರಶ್ನೆಯೂ ಇದೆ. ಇದಕ್ಕೆ ಉತ್ತರ ಸುಲಭ. ಮೆಣಸಿನಕಾಯಿ ಬೀಜವಾಗಿ ಬಂದಿತು; ನಮ್ಮ ಹೊಲಕ್ಕೆ ಬಿದ್ದಿತು; ನಮ್ಮ ರೈತನ ಬೆವರನ್ನು ಕುಡಿದು, ನಮ್ಮ ಬಿಸಿಲಿಗೆ ಒಣಗಿ, ಬ್ಯಾಡಗಿಯೆಂಬ ಹೆಸರನ್ನು ಹೊತ್ತು ನಿಂತಿತು. ಯಾವುದು ಈ ನೆಲದ ರೈತನಿಗೂ ಹೆಣ್ಣುಮಗಳಿಗೂ ದುಡಿಮೆಯನ್ನು ಕೊಟ್ಟು ಅವರ ಕೈಯಿಂದ ರೂಪುಗೊಂಡಿತೋ ಅದು ಸ್ಥಳೀಯ. ಚೀಲದಲ್ಲಿ ಬಂದು ಲೋಟದಲ್ಲಿ ಹೋಗುವುದು ಸ್ಥಳೀಯವಲ್ಲ.

ಅವರ ಎರಡನೆಯ ವಾದ: “ಇದು ದೊಡ್ಡ ಬಂಡವಾಳದ ವಿರುದ್ಧ ಸಣ್ಣ ಕುಶಲಕರ್ಮಿಯ ಹೋರಾಟ, ಇದೂ ಒಂದು ಕಾಯಕವೇ.” ಕಾಯಕವೆಂಬ ಮಾತನ್ನು ಇಷ್ಟು ಅಗ್ಗವಾಗಿ ಬಳಸುವುದನ್ನು ಕಂಡು ನಮಗೆ ವಿಷಾದವಾಗುತ್ತದೆ. ಕೈಯ ಕೌಶಲ ಒಂದಿದ್ದರೆ ಸಾಲದು. ದುಡಿಮೆಯ ಫಲವು ದುಡಿದವನಿಗೂ ಪಡೆದವನಿಗೂ ಹಿತವಾದಾಗಲೇ ಆ ದುಡಿಮೆಗೆ ಕಾಯಕವೆಂಬ ಹೆಸರು ಸಲ್ಲುವುದು. ಅದಿರಲಿ, ಸಣ್ಣವರ ಹೋರಾಟವು ಮೂಲಸ್ಥಾನದಲ್ಲಿ ಏನಾಯಿತು? ಷಿಕಾಗೊ ನಗರದ ಗೂಸ್ ಐಲೆಂಡ್ ಸಂಸ್ಥೆಯನ್ನು 2011ರಲ್ಲಿ ಲೋಕದ ಅತಿ ದೊಡ್ಡ ಬಿಯರ್ ಕಂಪನಿಯೇ ಕೊಂಡುಕೊಂಡಿತು. ಲಗುನಿಟಾಸ್ ಎಂಬುದು 2015ರಲ್ಲಿ ಅರ್ಧವೂ 2017ರಲ್ಲಿ ಪೂರ್ಣವೂ ಹೈನೆಕೆನ್ ಕಂಪನಿಯ ಪಾಲಾಯಿತು. ಈ ಚಳವಳಿಯ ತಾಯಿಬೇರು ಎನಿಸಿದ್ದ ಸಾನ್‌ಫ್ರಾನ್ಸಿಸ್ಕೋದ ಆಂಕರ್ ಸಂಸ್ಥೆಯನ್ನು 2017ರಲ್ಲಿ ಜಪಾನಿನ ಸಪ್ಪೋರೊ ಕೊಂಡಿತು. 2023ರಲ್ಲಿ ಅದರ ಬಾಗಿಲು ಮುಚ್ಚಿತು. ಹೀಗಿರಲು, ಸಣ್ಣಮೀನಿನ ಸ್ವಾತಂತ್ರ್ಯದ ಹೆಸರಿನಲ್ಲಿ ನಮ್ಮ ತರುಣರು ಎತ್ತುವ ಲೋಟವು ಕಡೆಗೆ ತಿಮಿಂಗಿಲದ ಹೊಟ್ಟೆಯನ್ನು ತುಂಬಿಸುವುದಿಲ್ಲವೆಂಬ ಭರವಸೆಯನ್ನು ಯಾರು ಕೊಡಬಲ್ಲರು?

ಅವರ ಮೂರನೆಯ ವಾದ: “ನಾವು ಹಿತಮಿತವಾಗಿ ರುಚಿ ನೋಡುತ್ತೇವೆ, ಮೈಮರೆಯುವಷ್ಟು ಕುಡಿಯುವುದಿಲ್ಲ.” ಇಲ್ಲಿ ಮಾತಿಗಿಂತ ಲೆಕ್ಕ ಮೇಲು. ಬಿಯರ್ ಗೃಹಗಳಲ್ಲಿ ನಾಲ್ಕಾರು ಬಗೆಗಳನ್ನು ಸಣ್ಣ ಸಣ್ಣ ಲೋಟಗಳಲ್ಲಿ ತುಂಬಿ ಹಲಗೆಯೊಂದರ ಮೇಲಿಟ್ಟು ಕೊಡುವ ರೂಢಿಯಿದೆ. ಎಲ್ಲವೂ ಸೇರಿದರೆ ಸುಲಭವಾಗಿ ಅರ್ಧ ಲೀಟರಾಗುತ್ತದೆ. ನೂರಕ್ಕೆ ಐದರಷ್ಟು ಮದ್ಯಸಾರವಿರುವ ಅರ್ಧ ಲೀಟರ್ ಬಿಯರಿನಲ್ಲಿ ಸುಮಾರು 20 ಗ್ರಾಂ ಮದ್ಯಸಾರವಿರುತ್ತದೆ. 65 ಕಿಲೋ ತೂಕದ ಪುರುಷನ ನೆತ್ತರಿನಲ್ಲಿ ಅದು 100 ಮಿಲಿಲೀಟರಿಗೆ 40 ಮಿಲಿಗ್ರಾಮಿನ ಆಸುಪಾಸಿಗೆ ಏರಬಲ್ಲದು. ಹೊಟ್ಟೆಯಲ್ಲಿ ಅನ್ನವಿದ್ದರೆ ಸ್ವಲ್ಪ ಕಡಿಮೆ, ಮೈತೂಕ ಕಡಿಮೆಯಿದ್ದರೆ ಅಥವಾ ಹೆಂಗಸಾಗಿದ್ದರೆ ಹೆಚ್ಚು. 1988ರ ಮೋಟಾರು ವಾಹನ ಕಾಯಿದೆಯ 185ನೆಯ ಕಲಮು ಹಾಕಿರುವ ಮಿತಿಯೆಷ್ಟು? 30 ಮಿಲಿಗ್ರಾಂ. ಅಂದರೆ ಮೊದಲನೆಯ ತಂಗುದಾಣದ ‘ರುಚಿ’ ಮುಗಿಯುವಷ್ಟರಲ್ಲಿಯೇ ಚಾಲಕನು ಅಪರಾಧಿಯಾಗಬಹುದು. 2019ರ ತಿದ್ದುಪಡಿಯ ಪ್ರಕಾರ ಮೊದಲ ಅಪರಾಧಕ್ಕೆ ಹತ್ತು ಸಾವಿರ ರೂಪಾಯಿಗಳ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ. ಯಕೃತ್ತು ಒಂದು ಗಂಟೆಗೆ ಕರಗಿಸಬಲ್ಲ ಮದ್ಯಸಾರವು ಎಂಟು ಹತ್ತು ಗ್ರಾಂ ಮಾತ್ರ. ಕಾಫಿ ಕುಡಿದರೂ, ಮುಖಕ್ಕೆ ತಣ್ಣೀರು ಎರಚಿಕೊಂಡರೂ ಅದರ ವೇಗ ಹೆಚ್ಚದು. ಮೊದಲಿನದು ಕರಗುವ ಮೊದಲೇ ಎರಡನೆಯ ತಂಗುದಾಣ ಬರುತ್ತದೆ, ಅದರ ಬೆನ್ನಿಗೆ ಮೂರನೆಯದು. ಈ ಯೋಜನೆಯ ರಚನೆಯಲ್ಲಿಯೇ ಅನಾಹುತವು ಅಡಗಿದೆ.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಅಪಘಾತಗಳಿಂದ ಮಡಿದವರು 1,68,491 ಮಂದಿ. ಇದು ಸರ್ಕಾರದ್ದೇ ಲೆಕ್ಕ. ಎಲ್ಲವೂ ಕುಡಿತದಿಂದಾದುವಲ್ಲ, ನಿಜ. ಆದರೆ ಇಷ್ಟು ಹೆಣಗಳು ಬೀಳುವ ದಾರಿಯಲ್ಲಿ ಕುಡಿತವನ್ನೇ ನಿಲ್ದಾಣವಾಗಿಟ್ಟುಕೊಂಡು ಹೊರಡುವುದು ವಿವೇಕವೇ? ಇದನ್ನು ಮನಗಂಡೇ ಸರ್ವೋಚ್ಚ ನ್ಯಾಯಾಲಯವು 2016ರ ಡಿಸೆಂಬರ್ 15ರಂದು, ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳ ಅಂಚಿನಿಂದ 500 ಮೀಟರಿನೊಳಗೆ ಮದ್ಯ ಮಾರುವಂತಿಲ್ಲವೆಂದು ಆಜ್ಞಾಪಿಸಿತು. ಮುಂದೆ ನಡೆದುದು ನಾಚಿಕೆಯ ಕಥೆ. ಹೆದ್ದಾರಿಗಳ ಹೆಸರನ್ನೇ ಕಿತ್ತು ಊರ ರಸ್ತೆಗಳೆಂದು ಸಾರಿದ ಆಡಳಿತಗಳುಂಟು. 2017ರ ಮಾರ್ಚಿಯಲ್ಲಿ ಸಣ್ಣ ಊರುಗಳಿಗೆ ಅಂತರವು 220 ಮೀಟರಿಗೆ ಇಳಿಯಿತು. ಅದೇ ಜುಲೈಯಲ್ಲಿ ಪುರಸಭೆ ನಗರಸಭೆಗಳ ಎಲ್ಲೆಯೊಳಗೆ ನಿರ್ಬಂಧವು ಅನ್ವಯಿಸದೆಂಬ ಸ್ಪಷ್ಟೀಕರಣವೂ ಬಂದಿತು. ಕಾನೂನು ಸಡಿಲವಾಯಿತು, ಆದರೆ ಗಾಡಿಯ ವೇಗವೂ ರಕ್ತದ ರಸಾಯನವೂ ಸಡಿಲವಾಗಲಿಲ್ಲ.

“ನಮ್ಮಲ್ಲೊಬ್ಬನು ಕುಡಿಯದೆ ಗಾಡಿ ನಡೆಸುತ್ತಾನೆ, ಇಲ್ಲವೇ ಬಾಡಿಗೆಯ ಡ್ರೈವರನ್ನು ಇಟ್ಟುಕೊಳ್ಳುತ್ತೇವೆ” ಎಂಬುದು ಇದರ ಪರಿಹಾರವೆಂದು ಹೇಳಲಾಗುತ್ತದೆ. ಕುಡಿದು ಓಡಿಸುವುದಕ್ಕಿಂತ ಇದು ಸಾವಿರ ಪಾಲು ಮೇಲೆಂಬುದನ್ನು ಒಪ್ಪುತ್ತೇವೆ. ಆದರೆ ಯೋಚಿಸಿ ನೋಡಿರಿ: ಗೆಳೆಯರಲ್ಲಿ ಒಬ್ಬನನ್ನು ಕಾವಲುಗಾರನನ್ನಾಗಿ ಮಾಡದೆ ನಡೆಯಲಾರದ ಸಂತೋಷವು ಎಂತಹ ಸಂತೋಷ? ಒಳಗೆ ನಾಲ್ವರು ಹಲಗೆಯ ಮೇಲಿನ ಲೋಟಗಳನ್ನು ಹೊಗಳುತ್ತಿರುವಾಗ, ಹೊರಗೆ ಗಾಡಿಯಲ್ಲಿ ಕುಳಿತ ಬಾಡಿಗೆಯ ಡ್ರೈವರನು ಊಟ ಮಾಡಿದನೋ ಇಲ್ಲವೋ ಎಂದು ಕೇಳುವವರಾರು? ಊಟದ ಪಂಕ್ತಿಯ ಗುಣವೆಂದರೆ ಎಲ್ಲರನ್ನೂ ಒಟ್ಟಿಗೆ ಕೂರಿಸುವುದು. ಪಾನದ ಪಂಕ್ತಿಯಲ್ಲಿ ಒಬ್ಬನಾದರೂ ಹೊರಗುಳಿಯಲೇಬೇಕು.

ಇನ್ನು ನಾಲ್ಕನೆಯದಾಗಿ, ಪಶ್ಚಿಮದ ದೃಷ್ಟಾಂತಗಳನ್ನು ತಂದು ನಮ್ಮ ಬಾಯಿ ಮುಚ್ಚಿಸಲು ನೋಡುವವರಿದ್ದಾರೆ. “ಬೆಲ್ಜಿಯಂ ದೇಶದ ಬಿಯರ್ ಸಂಸ್ಕೃತಿಯನ್ನು 2016ರಲ್ಲಿ ಯುನೆಸ್ಕೊ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದೆ, ಅಲ್ಲಿ ಕ್ರೈಸ್ತ ಮಠಗಳಲ್ಲಿ ಸನ್ಯಾಸಿಗಳೇ ಬಿಯರ್ ತಯಾರಿಸುತ್ತಾರೆ, ನಿಮ್ಮದೇನು ತಕರಾರು?” ಎನ್ನುತ್ತಾರೆ. ಆ ಸನ್ಯಾಸಿಗಳ ಆಚಾರ ಅವರ ದೇಶಕಾಲಗಳಿಗೆ ಸೇರಿದ್ದು. ಅದನ್ನು ಹಳಿಯುವ ಅಧಿಕಾರ ನಮಗಿಲ್ಲ. ಆದರೆ ದೃಷ್ಟಾಂತವನ್ನು ತಂದವರು ಅದನ್ನು ಪೂರ್ಣವಾಗಿ ನೋಡಲಿ. ವೆಸ್ಟ್‌ವ್ಲೆಟೆರೆನ್ ಎಂಬಲ್ಲಿಯ ಸನ್ಯಾಸಿಗಳು ತಮ್ಮ ಬಿಯರಿಗೆ ಲೋಕವೆಲ್ಲ ಮುಗಿಬಿದ್ದರೂ ತಯಾರಿಕೆಯನ್ನು ಹೆಚ್ಚಿಸದೆ, ಮಠದ ಖರ್ಚಿಗೆ ಬೇಕಾದಷ್ಟನ್ನೇ ಮಾಡುತ್ತಾರೆ. ಮೊದಲೇ ಹೇಳಿಟ್ಟವರಿಗೆ ಮಿತಿಯಿಟ್ಟು ಕೊಡುತ್ತಾರೆ. ಮಿತಿಯೇ ಅವರ ಪಾಠ. ನಮ್ಮವರು ಪಾಠವನ್ನು ಅಲ್ಲಿಯೇ ಬಿಟ್ಟು ಸೀಸೆಯನ್ನು ಮಾತ್ರ ಆರಿಸಿಕೊಂಡರು!

ಜರ್ಮನಿಯ ಫ್ರಾಂಕೋನಿಯ ಪ್ರಾಂತದ ಉದಾಹರಣೆ ಇನ್ನೂ ಮನನೀಯವಾದುದು. ಅಲ್ಲಿ ಔಫ್‌ಸೆಸ್ ಎಂಬ ಗ್ರಾಮ. ಸುಮಾರು ಒಂದೂವರೆ ಸಾವಿರ ಜನವಸತಿ. ನಾಲ್ಕು ಬಿಯರ್ ತಯಾರಿಕಾ ಗೃಹಗಳು. ಜನಸಂಖ್ಯೆಯ ಲೆಕ್ಕದಲ್ಲಿ ಲೋಕದಲ್ಲಿಯೇ ಅತಿ ಹೆಚ್ಚೆಂದು ಗಿನ್ನೆಸ್ ದಾಖಲೆಗೆ ಸೇರಿದ ಊರಿದು. ಆ ನಾಲ್ಕನ್ನೂ ನೋಡಬಯಸುವವರಿಗೆ ಊರವರು ಮಾಡಿಟ್ಟಿರುವ ಏರ್ಪಾಡೇನು? ಹೊಲ ಕಾಡುಗಳ ನಡುವೆ ಹಾಯುವ, ಸುಮಾರು ಹದಿನಾಲ್ಕು ಕಿಲೋಮೀಟರಿನ ಕಾಲುಹಾದಿ! ಬೆವರಿ, ದಣಿದು, ನಡೆದು ಹೋಗುವ ಹಾದಿ. ಬಿಯರನ್ನು ಶತಮಾನಗಳಿಂದ ಮನೆಯ ವಸ್ತುವಾಗಿ ಉಳ್ಳ ಜನರು ಅದರ ಬಳಿಗೆ ಕಾಲಿನಿಂದ ನಡೆಯಬೇಕೆಂದು ದಾರಿ ಮಾಡಿದರೆ, ಅನುಕರಣೆ ಮಾಡುವ ನಾವು ನೂರು ಕಿಲೋಮೀಟರ್ ವೇಗದ ಕಾರಿನಲ್ಲಿ ಅದರ ಬಳಿಗೆ ಧಾವಿಸುತ್ತೇವೆ. ನಮ್ಮದೇ ದೇಶದ ಈಶಾನ್ಯ ಭಾಗದಲ್ಲಿ ಅಕ್ಕಿಯಿಂದ ಮಾಡುವ ಪಾನೀಯಗಳಿವೆ. ಅಸ್ಸಾಮಿನ ದಿಮಾಸಾ ಜನರ ‘ಜುಡಿಮಾ’ 2021ರಲ್ಲಿ ಭೌಗೋಳಿಕ ಸೂಚಿಕೆಯನ್ನೂ ಪಡೆದಿದೆ. ಅವು ಹಬ್ಬ ಹರಿದಿನಗಳ, ಮದುವೆ ಮುಂಜಿಗಳ, ಕುಲದ ಕಟ್ಟಳೆಗೆ ಒಳಪಟ್ಟ ಪಾನೀಯಗಳು. ಅವುಗಳ ಹೆಸರನ್ನು ಹೇಳಿಕೊಂಡು ಹೆದ್ದಾರಿಯ ಕುಡಿತಕ್ಕೆ ಪರಂಪರೆಯ ಶಾಲು ಹೊದಿಸುವುದು ಆ ಜನರಿಗೂ ಮಾಡುವ ಅನ್ಯಾಯ.

ಇಷ್ಟೆಲ್ಲದರ ಹಿಂದೆ ಇನ್ನೊಂದು ಮಾತಿದೆ. ಅದು ನಮ್ಮ ಸಮಾಜದ ಆತ್ಮಸಾಕ್ಷಿಗೆ ಸಂಬಂಧಿಸಿದ್ದು. ನಮ್ಮ ರಾಜ್ಯದಲ್ಲಿ 2007ರ ಜುಲೈಯಿಂದ ಸಾರಾಯಿ ನಿಷಿದ್ಧ. ಕೂಲಿಕಾರನು ಹಗಲೆಲ್ಲ ದುಡಿದು ಸಂಜೆ ಸಾರಾಯಿ ಅಂಗಡಿಗೆ ಹೋದಾಗ ಅವನನ್ನು ಕುಡುಕನೆಂದೆವು. ಅವನಿಗಾಗಿ ನೀತಿಬೋಧೆ ಮಾಡಿದೆವು. ಇಂದು ಅವನ ಒಂದು ದಿನದ ಕೂಲಿಯನ್ನು ಒಂದೆರಡು ಲೋಟಗಳಿಗೆ ಸುರಿಯುವ ವಿದ್ಯಾವಂತನನ್ನು ರಸಿಕನೆನ್ನುತ್ತೇವೆ. ಅವನ ಪಯಣವನ್ನು ಸಂಸ್ಕೃತಿಯೆನ್ನುತ್ತೇವೆ. ಬಡವನು ಕುಡಿದರೆ ದುರ್ವ್ಯಸನ, ಬಲ್ಲಿದನು ಕುಡಿದರೆ ಕಲಾಭಿರುಚಿ! ಮದ್ಯಸಾರಕ್ಕೆ ಮಾತ್ರ ಈ ಜಾತಿಭೇದ ತಿಳಿಯದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1988ರಲ್ಲಿಯೇ ಮದ್ಯಪಾನವನ್ನು ಕ್ಯಾನ್ಸರ್‌ಕಾರಕಗಳ ಮೊದಲನೆಯ ವರ್ಗಕ್ಕೆ ಸೇರಿಸಿತು. ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಮಾದಕ ಪಾನೀಯಗಳ ನಿಷೇಧಕ್ಕೆ ರಾಜ್ಯವು ಪ್ರಯತ್ನಿಸಬೇಕೆಂದು ಸಂವಿಧಾನದ 47ನೆಯ ಅನುಚ್ಛೇದವು ನಿರ್ದೇಶಿಸುತ್ತದೆ. ಆದರೆ 2023–24ರ ಸಾಲಿನಲ್ಲಿ ನಮ್ಮ ರಾಜ್ಯದ ಅಬಕಾರಿ ವರಮಾನವು 30,000 ಕೋಟಿ ರೂಪಾಯಿಗಳನ್ನು ಮೀರಿತು. ಬೊಕ್ಕಸವೇ ಬಾಯಾರಿ ಕುಳಿತಿರುವಾಗ ವಿವೇಕವನ್ನು ಹೇಳುವ ಹೊಣೆ ಪ್ರಜೆಗಳ ಮೇಲೆಯೇ ಬೀಳುತ್ತದೆ.

ಹಾಗಾದರೆ ತರುಣರು ಮನೆಯಲ್ಲಿಯೇ ಕುಳಿತಿರಬೇಕೇ? ಕೂಡದು! ಹೊರಡಲಿ, ಆದರೆ ಅನ್ನದ ದಾರಿ ಹಿಡಿದು ಹೊರಡಲಿ. ಬೆಂಗಳೂರಿನಿಂದ ಬೆಳಗಾವಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48 ಒಂದನ್ನೇ ನೋಡೋಣ. ಸುಮಾರು 500 ಕಿಲೋಮೀಟರಿನ ಈ ದಾರಿಯನ್ನು ಬಲ್ಲವನಿಗೆ ಪಾನಗೃಹವೊಂದೂ ನೆನಪಿಗೆ ಬರಬೇಕಾದ ಅಗತ್ಯವಿಲ್ಲ.

ಮುಂಜಾನೆ ಹೊರಟರೆ ತುಮಕೂರಿನ ಹೊಸ್ತಿಲಲ್ಲಿ ಕ್ಯಾತ್ಸಂದ್ರ. ಅಲ್ಲಿಯ ತಟ್ಟೆ ಇಡ್ಲಿ ಹಬೆಯಾಡುತ್ತಿರುತ್ತದೆ. ಅಲ್ಲಿಂದ ಕೂಗಳತೆಯಲ್ಲಿ ಸಿದ್ಧಗಂಗೆ. ಸಾವಿರಾರು ವಿದ್ಯಾರ್ಥಿಗಳಿಗೆ ದಿನನಿತ್ಯ ಅನ್ನವನ್ನು ನೀಡುವ ಅಲ್ಲಿಯ ಒಲೆಗಳನ್ನೂ ಕೊಪ್ಪರಿಗೆಗಳನ್ನೂ ಒಮ್ಮೆ ನೋಡಲಿ. ಗಾಜಿನ ಹಿಂದೆ ಹೊಳೆಯುವ ಕೊಪ್ಪರಿಗೆಗೂ ಹೊಗೆಯಲ್ಲಿ ಕಪ್ಪಾದ ಈ ಕೊಪ್ಪರಿಗೆಗೂ ಇರುವ ಅಂತರವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಮುಂದೆ ಶಿರಾ, ಹಿರಿಯೂರು, ಚಿತ್ರದುರ್ಗ. ರಾಗಿ, ನವಣೆ, ಶೇಂಗಾಗಳ ನಾಡು. 2023ನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದುದನ್ನು ಬಲ್ಲ ತರುಣರಿಗೆ ಆ ಧಾನ್ಯಗಳು ನಿಂತ ಹೊಲವನ್ನು ಕಣ್ಣಾರೆ ನೋಡುವ ಕುತೂಹಲ ಬೇಡವೇ? ದಾವಣಗೆರೆಗೆ ಬಂದರೆ ಬೆಣ್ಣೆದೋಸೆ. ಅದರಾಚೆಗೆ ಮಂಡಕ್ಕಿ, ಮೆಣಸಿನಕಾಯಿ. ಭಟ್ಟಿಯನ್ನು ನೋಡಲೇಬೇಕೆಂಬ ಹಂಬಲವಿದ್ದವರು ಅಲ್ಲಿಯ ಮಂಡಕ್ಕಿ ಭಟ್ಟಿಗಳನ್ನು ನೋಡಲಿ! ಕಾದ ಉಸುಕಿನ ಮುಂದೆ ನಿಂತು, ಧಗೆ ಹೊಗೆಗಳನ್ನು ಸಹಿಸಿ, ಅಕ್ಕಿಯನ್ನು ಅರಳಿಸುವ ಕೈಗಳನ್ನು ಕಂಡರೆ ಕುಶಲಕರ್ಮವೆಂದರೇನೆಂದು ತಿಳಿದೀತು.

ಹಾವೇರಿಯ ಸೀಮೆಯಲ್ಲಿ ಹೆದ್ದಾರಿಯನ್ನು ಬಿಟ್ಟು ಒಳಕ್ಕೆ ಹೊರಳಿದರೆ ಬ್ಯಾಡಗಿ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ, ಖಾರ ಕಡಿಮೆಯಾಗಿ ಬಣ್ಣ ಹೆಚ್ಚಾಗಿರುವ ಆ ಮೆಣಸಿನಕಾಯಿಯ ಪೇಟೆಯು ಸುಗ್ಗಿಯಲ್ಲಿ ಕೆಂಪು ಸಮುದ್ರದಂತೆ ಹರಡಿರುತ್ತದೆ. ಹುಬ್ಬಳ್ಳಿ ಧಾರವಾಡಗಳಲ್ಲಿ ಖಾನಾವಳಿಯ ಊಟ: ಬಿಳಿಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಕಾಳಿನ ಪಲ್ಯ, ಶೇಂಗಾದ ಹಿಂಡಿ, ಗುರೆಳ್ಳಿನ ಹಿಂಡಿ, ಕೆನೆಮೊಸರು, ಹಸಿ ಉಳ್ಳಾಗಡ್ಡಿ. ಮುಂಗಡ ತಿಳಿಸಿ, ಚಳಿಗಾಲದಲ್ಲಿ ಹೋದರೆ ಹೊಲದಲ್ಲಿಯೇ ಸುಟ್ಟ ಎಳೆಜೋಳದ ಸೀತನಿಯೂ ದೊರಕೀತು. ಊಟದ ಮೇಲೆ ಧಾರವಾಡದ ಪೇಡೆ. ಅದು ಕೂಡ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಕುಟುಂಬವೊಂದರ ಕೈಯಲ್ಲಿ ಇಲ್ಲಿಯ ಎಮ್ಮೆಯ ಹಾಲನ್ನು ಕುಡಿದು ಬೆಳೆದು, ಇಲ್ಲಿಯದೇ ಆಯಿತು. ಬೆಳಗಾವಿಯಲ್ಲಿ ಕುಂದಾ, ಅಲ್ಲಿಂದ ಗೋಕಾಕಕ್ಕೆ ಹೊರಳಿದರೆ ಕರದಂಟು.

ಈ ಪಯಣದಲ್ಲಿ ಖರ್ಚಾದ ಹಣ ಎಲ್ಲಿಗೆ ಹೋಯಿತೆಂಬುದನ್ನು ಗಮನಿಸಬೇಕು. ಬೆಳಗಿನ ಜಾವ ಎದ್ದು ರೊಟ್ಟಿ ಬಡಿಯುವ ತಾಯಿಗೆ, ಶೇಂಗಾ ಒಡೆಯುವ ಕೂಲಿಗೆ, ಜೋಳ ಬೆಳೆದ ಒಕ್ಕಲಿಗೆ, ಹಾಲು ಕರೆದ ಮನೆಗೆ ಹೋಯಿತು. ಮದ್ಯವನ್ನು ಮುಂದಿಟ್ಟುಕೊಂಡ ಪಯಣದಲ್ಲಿ ಈ ಅಡುಗೆಗಳೆಲ್ಲ ಏನಾಗುತ್ತವೆ? ನೆಂಚಿಕೊಳ್ಳುವ ತುಣುಕುಗಳಾಗುತ್ತವೆ. ತಲೆತಲಾಂತರದಿಂದ ಹೆಣ್ಣುಮಕ್ಕಳು ಹದ ಮಾಡಿಟ್ಟ ರುಚಿಯು ಲೋಟದ ಪಕ್ಕದ ಆಳಾಗಿ ನಿಲ್ಲುತ್ತದೆ. ಮತ್ತೇರಿದ ನಾಲಿಗೆಗೆ ಹಿಂಡಿಯಾವುದು, ಉಪ್ಪುಪುಡಿಯಾವುದು?

ಇದೇ ಹೆದ್ದಾರಿಯ ಮೇಲೆ ನಡೆದ ಇನ್ನೊಂದು ಪಯಣವನ್ನು ನಮ್ಮ ತರುಣರು ಮರೆಯಬಾರದು. 2019ರ ಜನವರಿಯಲ್ಲಿ ರಾಯಚೂರು ಮೊದಲಾದ ಜಿಲ್ಲೆಗಳ ಸಾವಿರಾರು ಬಡ ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ, ಸುಮಾರು 200 ಕಿಲೋಮೀಟರ್ ದೂರವನ್ನು, ಕಾಲ್ನಡಿಗೆಯಿಂದ ಸಾಗಿದರು. ಅವರ ಬೇಡಿಕೆ ಒಂದೇ: ಮದ್ಯವನ್ನು ನಿಲ್ಲಿಸಿರಿ; ನಮ್ಮ ಮನೆಗಳನ್ನು ಉಳಿಸಿರಿ. ಕಾಲು ಬೊಬ್ಬೆಯೆದ್ದವು, ದಾರಿಯಲ್ಲಿ ಒಬ್ಬ ಸೋದರಿಯ ಪ್ರಾಣವೂ ಹೋಯಿತು. ಅವರು ದಾರಿಬದಿಯಲ್ಲಿ ಕುಳಿತು ಅನ್ನ ಉಂಡರು, ದಾರಿಬದಿಯಲ್ಲಿ ಮಲಗಿದರು. ಅವರಿಗೂ ದಾರಿಯುದ್ದಕ್ಕೂ ತಂಗುದಾಣಗಳಿದ್ದವು; ಆದರೆ ಪ್ರತಿಯೊಂದು ತಂಗುದಾಣದಲ್ಲಿಯೂ ಅವರು ಹೇಳಿಕೊಂಡದ್ದು ಗಂಡನ ಕುಡಿತಕ್ಕೆ ಆಹುತಿಯಾದ ಕೂಲಿಯ ಕಥೆಯನ್ನು. ಆ ಹೆಜ್ಜೆಗಳು ಬಿದ್ದ ಹಾದಿಯಲ್ಲಿ ಪಾನಗೃಹಗಳನ್ನು ಎಣಿಸುತ್ತ ಕಾರು ಓಡಿಸುವುದು ಅಸಭ್ಯವಲ್ಲವೇ?

ಮತ್ತೊಂದು ಸಂಚಾರವೂ ಇದೆ. 2018ರಲ್ಲಿ ಲಿಂಗೈಕ್ಯರಾದ ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳು ದಶಕಗಳ ಕಾಲ ಊರೂರು ತಿರುಗಿದರು. ಅವರ ಹೆಗಲಿನಲ್ಲಿದ್ದುದು ಒಂದು ಜೋಳಿಗೆ. ಅವರು ಬೇಡಿದ್ದು ಕಾಳನ್ನಲ್ಲ, ಕಾಸನ್ನಲ್ಲ. ನಿಮ್ಮ ಕುಡಿತವನ್ನು, ನಿಮ್ಮ ದುಶ್ಚಟವನ್ನು ಈ ಜೋಳಿಗೆಗೆ ಹಾಕಿರಿ ಎಂದು ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ನಮ್ಮ ರಾಜ್ಯವು ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಊರೂರಿಗೆ ಹೋಗಿ ಅಲ್ಲಿಯ ಮದ್ಯವನ್ನು ತಮ್ಮ ಹೊಟ್ಟೆಗೆ ತುಂಬಿಕೊಂಡು ಬರುವವರು ಒಂದು ಕಡೆ. ಊರೂರಿಗೆ ಹೋಗಿ ಅಲ್ಲಿಯ ವ್ಯಸನವನ್ನು ತಮ್ಮ ಜೋಳಿಗೆಗೆ ತುಂಬಿಕೊಂಡು ಬಂದವರು ಇನ್ನೊಂದು ಕಡೆ. ಯಾವುದು ದೇಶಾಟನೆ, ಯಾವುದು ಪಾನಾಟನೆ ಎಂಬುದನ್ನು ವಾಚಕರೇ ನಿರ್ಣಯಿಸಬೇಕು.

ತರುಣ ಮಿತ್ರರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಮುಂದಿನ ರಜೆಗೆ ನಕಾಶೆಯನ್ನು ಬಿಡಿಸಿದಾಗ ಅದರ ಮೇಲೆ ಪಾನಗೃಹಗಳ ಬದಲು ಸಂತೆಗಳನ್ನು, ಖಾನಾವಳಿಗಳನ್ನು, ಹೊಲಗಳನ್ನು, ದಾಸೋಹದ ಮನೆಗಳನ್ನು ಗುರುತಿಸಿಕೊಳ್ಳಿರಿ. ಯಾವ ಋತುವಿನಲ್ಲಿ ಯಾವ ಬೆಳೆ ಬರುವುದೆಂದು ಹಿರಿಯರನ್ನು ಕೇಳಿ ತಿಳಿದು ಹೊರಡಿರಿ. ಅಡುಗೆ ಮಾಡಿದ ತಾಯಿಯೊಡನೆ ನಾಲ್ಕು ಮಾತನಾಡಿರಿ. ಗಾಡಿ ನಡೆಸುವವನನ್ನು ನಿಮ್ಮ ಪಂಕ್ತಿಯಲ್ಲಿಯೇ ಕೂರಿಸಿಕೊಂಡು ಉಣ್ಣಿರಿ. ಹೋದ ಊರಿನಲ್ಲಿ ಉಂಡ ಅನ್ನದ ಋಣವನ್ನು ನೆನೆಯುವಷ್ಟು ಎಚ್ಚರ ಇರುವ ತಲೆಯೊಡನೆ, ಕೈಕಾಲು ಕ್ಷೇಮವಾಗಿ, ನಿಮ್ಮ ದಾರಿ ಕಾಯುವ ಮನೆಗೆ ಮರಳಿ ಬನ್ನಿರಿ.